ಗಾಜಿನ ಗೂನು

ನಾನು ಒಂದು ಮೀನಿನ ತೊಟ್ಟಿ. ನನ್ನ ಮುಂದಿನ ಗಾಜು ಹೊಟ್ಟೆ ಬಂದವರಂತೆ ಉಬ್ಬಿದೆ. ಬೆಂಕಿಯಲ್ಲಿ ಮೆತ್ತಗೆ ಮಾಡಿ, ಅಚ್ಚಿನ ಮೇಲೆ ಬಾಗಿಸಿ, 'ಅಂದವಾಯಿತು' ಎಂದರು. ಆ ಅಂದದಿಂದ ನಾನು ಪಟ್ಟ ಪಾಡು ಯಾರಿಗೂ ಬೇಡ.

ಮೊದಲು ನಾನಿದ್ದದ್ದು ಹುಬ್ಬಳ್ಳಿಯ ಒಂದು ಖಾನಾವಳಿಯಲ್ಲಿ. ಊಟಕ್ಕೆ ಕಾದವರೆಲ್ಲ ನನ್ನ ಮೀನುಗಳ ಫೋಟೋ ತೆಗೆಯುವವರೇ. ಫ್ಲ್ಯಾಶ್ ಹೊಡೆದರೆ ಬರೀ ಬಿಳಿ ಚುಕ್ಕೆ, ಹೊಡೆಯದಿದ್ದರೆ ಅವರದೇ ಮುಖ, ಅದೂ ಹಲಸಿನಕಾಯಿಯಷ್ಟು ಅಗಲ. ಬೈಗುಳ ಮಾತ್ರ ನನಗೆ. ಮೈಮೇಲಿನ ಎಣ್ಣೆ ಕೈಗಳ ಗುರುತನ್ನು ಒರೆಸುವವರೂ ಇರಲಿಲ್ಲ. ಬೇಸತ್ತು ಹೋದೆ.

ಖಾನಾವಳಿ ಮುಚ್ಚಿದಾಗ ಅಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವ ನನ್ನನ್ನು ಮನೆಗೆ ಒಯ್ದಳು. ಉಳಿದಿದ್ದ ಒಂದೇ ಕೆಂಪು ಮೀನೂ ಜೊತೆಗೆ ಬಂತು. ವರ್ಷಗಟ್ಟಲೆ ಬಗ್ಗಿ ರೊಟ್ಟಿ ಬಡಿದು ನೀಲವ್ವನ ಬೆನ್ನು ಗೂನಾಗಿತ್ತು. ಮಾತಾಡಲು ಅವಳಿಗಿದ್ದದ್ದು ಆ ಮೀನೊಂದೇ.

ಒಮ್ಮೆ ಮೀನು ತಿನ್ನುವುದನ್ನು ಬಿಟ್ಟಿತು. ಆಟೋ ಓಡಿಸುವ ಅವಳ ತಮ್ಮನ ಮಗ ಮಲ್ಲೇಶಿ ಬಂದ. ಗಾಜಿನಲ್ಲಿ ತನ್ನ ಮುಖ ಮೂಡದಂತೆ ತಲೆ ತುಂಬ ಕರಿ ಕಂಬಳಿ ಹೊದ್ದು, ನಾನು ತೀರಾ ಬಾಗಿರುವ ಅಂಚಿನಿಂದಲೇ ಫೋಟೋ ತೆಗೆದ. ಓಡಾಡುವ ಮೀನಿನಲ್ಲಿ ಗೊತ್ತಾಗದ ಸೊಟ್ಟತನ ಫೋಟೋದಲ್ಲಿ ನಿಂತುಬಿಡುತ್ತದೆ. ಮಲ್ಲೇಶಿ ಕಳಿಸಿದ ಆ ಫೋಟೋ ನೋಡಿದ ಬಣ್ಣದ ಮೀನಿನ ಅಂಗಡಿಯವನು ಫೋನಿನಲ್ಲಿ, "ಬೆನ್ನು ಸೊಟ್ಟ ಆಗೇತಿ. ರೋಗ ಅದು, ಉಳಿಯೂದಿಲ್ಲ. ತೆಗೆದು ಒಗದಬಿಡ್ರಿ" ಎಂದ.

ಸೊಟ್ಟಗಿರುವುದು ನಾನು, ಮೀನಲ್ಲ. ಹೇಳಲು ನನಗೆ ಬಾಯಿಲ್ಲ. ಅಷ್ಟು ಸಂಕಟ ನನಗೆಂದೂ ಆಗಿರಲಿಲ್ಲ.

ಮಲ್ಲೇಶಿ ಮೀನನ್ನು ಬೋಗುಣಿಗೆ ಹಾಕಿಕೊಂಡು ಹೊರಟ. ನೀಲವ್ವ ಬಾಗಿಲಿಗೆ ಅಡ್ಡ ನಿಂತಳು.

"ಬೆನ್ನು ಸೊಟ್ಟ ಆದಮ್ಯಾಲ ಇನ್ನೇನೈತಿ ಅತ್ತಿ? ಗಟಾರಕ್ಕ ಒಗದ ಬರ್ತೀನಿ" ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

"ಹಂಗಾರ ನನ್ನೂ ಒಗದ ಬಾ" ಎಂದಳು ನೀಲವ್ವ.

ಅವನ ಕೈಯಿಂದ ಬೋಗುಣಿ ಕಸಿದುಕೊಂಡು ಒಳಗೆ ನೋಡಿದಳು. ಗಾಜು ಅಡ್ಡವಿಲ್ಲದೆ ನೋಡಿದರೆ ಮೀನಿನ ಬೆನ್ನು ನೆಟ್ಟಗಿತ್ತು. ಮಲ್ಲೇಶಿಯೂ ಬಗ್ಗಿ ನೋಡಿದ, ಆಮೇಲೆ ನನ್ನ ಕಡೆ ನೋಡಿದ.

"ಗಾಜಿನ ಆಟ ಇದು ಅತ್ತಿ! ಮೀನಿಗೆ ಏನೂ ಆಗಿಲ್ಲ" ಎಂದು ನಕ್ಕ. ನೀಲವ್ವ ನಗಲಿಲ್ಲ.

ನೀರು ಬದಲಿಸಿದ ಮೇಲೆ ಮೀನು ತಿನ್ನತೊಡಗಿತು. "ಈ ಹಾಳಾದ್ದು ಬ್ಯಾಡ, ನೆಟ್ಟನ ಗಾಜಿಂದು ತರ್ತೀನಿ" ಎಂದ ಮಲ್ಲೇಶಿ. ಅಂತೂ ನನಗೆ ಬಿಡುಗಡೆ ಎಂದು ಒಳಗೊಳಗೇ ಹಿಗ್ಗಿದೆ.

"ಬ್ಯಾಡ, ಇದರಾಗ ಇರಲಿ" ಎಂದಳು ನೀಲವ್ವ. "ಈ ಅಂಚಿಗೆ ಬಂದಾಗ ಅದು ನನ್ನಂಗ ಕಾಣತೈತಿ."

ಈಗ ನನ್ನ ಅಂಟು ಬಿಟ್ಟಿದೆ, ನೀರು ಜಿನುಗುತ್ತದೆ. ಸಾಕಾಗಿದೆ, ನಿಜ. ಆದರೆ ಸಂಜೆ ನೀಲವ್ವ ಆ ಅಂಚಿನ ಎದುರು ಬಂದು ಕೂರುತ್ತಾಳೆ. ಅಲ್ಲಿಯವರೆಗಾದರೂ ನೀರು ಹಿಡಿದಿಟ್ಟುಕೊಳ್ಳಬೇಕಲ್ಲ.