ಹ್ಞೂಂ ಅನ್ನುವವರು

ಬಾಗಿಲ ಸಂದಿನಿಂದ ತೂರಿಬಂದ ಬಿಸಿಲಿನ ಗೆರೆ ನನ್ನ ಚಪ್ಪಲಿಯ ಉಂಗುಟದ ಮೇಲೆ ಕೂತಿದೆ, ಕಾಲು ಸರಿಸಿದರೂ ಸ್ವಲ್ಪ ಹೊತ್ತಿಗೆ ಹಿಂದೆಯೇ ಬರುತ್ತದೆ, ಈ ಬಿಕೋ ಅನ್ನುವ ವರಾಂಡದಲ್ಲಿ ನನ್ನ ಹಿಂದೆ ಬರುವುದು ಅದೊಂದೇ — ಬೇಸಿಗೆಯಲ್ಲಿ ಕಾಲೇಜು ಅಂದರೆ ಹೀಗೇ, ಚರ್ಚಿನ ಗಂಟೆ ಯಾರಿಗಾಗಿ ಹೊಡೆಯುತ್ತದೋ, ಹಾಸ್ಟೆಲಿನ ಉದ್ದನೆಯ ಊಟದ ಮೇಜಿಗೆ ನಾನೊಬ್ಬಳೇ, ಎದುರಿಗೆ ಸಿಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ನಾನೂ ಮುಚ್ಚುತ್ತೇನೆ, ಯಾರನ್ನು ಕರೆಯಬೇಕೋ ತಿಳಿಯದೆ ತಿಂಥಣಿಯ ಮೌನೇಶ್ವರನನ್ನೇ ಕರೆಯುತ್ತೇನೆ, ಅವನ ಹೆಸರೇ ನನಗಿಟ್ಟದ್ದು. ಮೌನೇಶ್ವರಿ ಅಂತ ಹೆಸರಿಟ್ಕೊಂಡು ಮಾತಿನ ಪರೀಕ್ಷಾಕ್ಕ ಬಂದೀಯೇನ ಲೇ, ಅನ್ನುತ್ತಾಳೆ ಪಕ್ಕದಲ್ಲಿ ಕೂತ ಸುಮಲತಾ, ಹತ್ತಿಕುಣಿಯಿಂದ ದಿನಾ ಬಸ್ಸಿಗೆ ಬರುವವಳು, ಸಂಜೆಯಾದರೆ ಮನೆ ಸೇರುವವಳು, ಅವಳಿಗೆ ನಗು ಬರುತ್ತದೆ. ಬೇಸಿಗೆ ಕೋರ್ಸಿನ ಕೊನೆಯ ದಿನ ಇವತ್ತು, ಇಂಗ್ಲಿಷಿನಲ್ಲಿ ಒಂದು ಕಥೆ ಹೇಳಬೇಕು, ನೋಡಿ ಓದುವಂತಿಲ್ಲ, ಹೇಳಿದರೆ ಮೂರನೆಯ ವರ್ಷಕ್ಕೆ, ಇಲ್ಲದಿದ್ದರೆ ಅಪ್ಪ ಬಂದು ಟ್ರಂಕು ಹೊತ್ತುಕೊಂಡು ಹೋಗುತ್ತಾನೆ, ಓದು ಮುಗಿಯಿತು. ಸಾಯಬಮ್ಮನ ಮೊಮ್ಮಗಳಿಗೆ ಕಥೆ ಹೇಳುವುದು ಏನು ದೊಡ್ಡ ಮಾತು ಅಂದುಕೊಂಡಿದ್ದೆ — ಆಯಿ, ಅಪ್ಪನನ್ನು ಹೆತ್ತವಳು, ಸುರಪುರದಾಚೆ ಹೊಳೆದಂಡೆಯ ನಮ್ಮ ಮನೆಯಲ್ಲಿ ಹರಿದ ಬಲೆ ಹೆಣೆಯುತ್ತ ಕಥೆ ಬಿಚ್ಚುತ್ತಿದ್ದಳು, ಒಂದ್ ಊರಾಗ ಒಬ್ಬ ಹುಡುಗಿ ಇದ್ಲಂತ, ಹ್ಞೂಂ, ಆಕಿ ಮನ್ಯಾಗ ಉಪ್ಪು ತೀರಿತ್ತಂತ, ಹ್ಞೂಂ, ಒಂದೊಂದು ಮಾತಿಗೂ ಒಂದು ಹ್ಞೂಂ ಬೇಕು ಅವಳಿಗೆ, ಹ್ಞೂಂ ಅನ್ನ ಬೇ, ನಿನ್ನ ಹ್ಞೂಂ ಮ್ಯಾಲೆ ಕಾಲಿಟ್ಟೇ ಆಕಿ ಮುಂದ ನಡೀಬೇಕು, ಇಲ್ಲಂದ್ರ ಪಾಪ ಅಲ್ಲೇ ನಿಂತಿರ್ತಾಳ. ಒಮ್ಮೆ ನಾನೇ ಹೇಳಿ ನಾನೇ ಹ್ಞೂಂ ಅಂದದ್ದಕ್ಕೆ ಬೆನ್ನಿಗೊಂದು ಗುದ್ದಿದ್ದಳು, ಹುಚ್ಚಿ, ತನ್ನ ಕಥಿಗಿ ತಾನ ಹ್ಞೂಂ ಅಂತಾರೇನು, ದೆವ್ವಿನಂಗ.

ಇಂಗ್ಲಿಷ್ ಪೇಪರಿನ ದಿನವೇ ಅವಳಿಗೆ ಲಕ್ವಾ ಹೊಡೆಯಿತು, ಎಲ್ಲರೂ ಪರೀಕ್ಷೆ ಬರೆಯುವಾಗ ನಾನು ಶಹಾಪುರದ ಆಸ್ಪತ್ರೆಯಲ್ಲಿ ಅವಳ ಸೊಟ್ಟ ತುಟಿ ಒರೆಸುತ್ತಿದ್ದೆ, ತಪ್ಪಿಹೋದ ಆ ಪೇಪರಿಗೇ ಈ ಬೇಸಿಗೆ ಕೋರ್ಸು, ರಾಜರು, ರಾಕ್ಷಸರು, ಮಾತಾಡುವ ಮೀನುಗಳು ಎಲ್ಲ ಹೋದವು, ಬಾಯಲ್ಲಿ ಉಳಿದದ್ದು ಒಂದೇ, ನೀರು ಬೇಕೇನು ಆಯಿ, ಹ್ಞೂಂ, ಬ್ಯಾಡೇನು, ಹ್ಞೂಂ. ಅದಕ್ಕೇ ಇಲ್ಲಿಂದ ಸಂಜೆ ಸಂಜೆ ಫೋನು ಮಾಡುತ್ತಿದ್ದೆ, ಅವ್ವ ಅವಳ ಕಿವಿಗೆ ಹಿಡಿಯುತ್ತಿದ್ದಳು, ಅಭ್ಯಾಸವೂ ಆಗಲಿ ಅಂತ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ, ಒನ್ಸ್ ದೇರ್ ವಾಸ್ ಎ ಗರ್ಲ್, ಹ್ಞೂಂ, ಇನ್ ಹರ್ ಹೌಸ್ ನೋ ಸಾಲ್ಟ್, ಹ್ಞೂಂ — ಒಂದಕ್ಷರ ತಿಳಿಯದ ಮುದುಕಿ ಎಂಥ ಹ್ಞೂಂ ಅನ್ನುತ್ತಿದ್ದಳು, ಹೆದರಬೇಕಾದಲ್ಲಿ ಸಣ್ಣಗೆ, ನಗಬೇಕಾದಲ್ಲಿ ಮೂಗಿನಿಂದ, ನಡುವೆ ಅವ್ವ ಬಾಯಿ ಹಾಕುವಳು, ನಿಮ್ಮಾಯಿ ಈಗ ಮೇಡಮ್ ಆಗ್ಯಾಳ ನೋಡು, ಇಂಗ್ಲಿಷ್‌ನ್ಯಾಗ ಹ್ಞೂಂ ಅನ್ನಾಕತ್ತಾಳ. ನಿನ್ನೆ ಹುಡುಗಿ ಹೊಳೆಗೆ ಬಂದಳು, ಹ್ಞೂಂ, ಆಚೆ ದಂಡೆಯಲ್ಲಿ ಚಂದ್ರನ ತಾಯಿ ಉಪ್ಪಿನ ಗಡಿಗೆ ಇಟ್ಟುಕೊಂಡು ಕೂತಿದ್ದಾಳೆ, ಹ್ಞೂಂ, ಹುಡುಗಿ ಹರಗೋಲಿನಲ್ಲಿ ಒಂದು ಕಾಲಿಟ್ಟಳು, ಇನ್ನೊಂದು ಕಾಲು ದಂಡೆಯಲ್ಲೇ — ಹಲೋ. ಆಯಿ. ಹಲೋ. ಆಮೇಲೆ ಅವ್ವ, ಮಲಗ್ಯಾಳ ಬೇ, ಇಡು, ನಾಳಿ ಪರೀಕ್ಷಾ ಮುಗಿಸಿಕೊಂಡು ಬಾ. ಕಥೆಯ ನಡುವೆ ಆಯಿ ಎಂದಾದರೂ ಮಲಗಿದ್ದಾಳೆಯೇ, ಮತ್ತೆ ಅವ್ವನ ಧ್ವನಿ ಯಾಕೆ ಅಷ್ಟು ಮೆತ್ತಗಿತ್ತು, ನನ್ನ ಜೊತೆ ಜಗಳವಾಡದೆ ಎರಡು ಮಾತಾಡಿದವಳಲ್ಲ ಅವ್ವ, ಬೆಳಿಗ್ಗೆ ಅವಳು ಫೋನು ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ, ಹಿತ್ತಲಿಗೆ ಹೋಗಿರಬೇಕು, ಹೊಳೆಗೆ ಹೋಗಿರಬೇಕು, ಇಬ್ಬರೂ — ಮೌನೇಶ್ವರಿ, ಮೌನೇಶ್ವರಿ ಯಾರು, ಒಳಗ ಬಾರವ್ವ.

ಕಲಬುರಗಿಯಿಂದ ಬಂದ ಸರ್, ಬೆವರಿಗೆ ಅಂಟಿದ ಅಂಗಿ, ಒಳ್ಳೆಯವರಂತೆ ಕಾಣುತ್ತಾರೆ, ಹೆದರಬ್ಯಾಡ, ಶುರು ಮಾಡು. ಹುಡುಗಿ ಇದ್ದಳು, ನಿಲ್ಲುತ್ತೇನೆ, ಸರ್ ಕಣ್ಣೆತ್ತುತ್ತಾರೆ, ನೆಕ್ಸ್ಟ್, ಉಪ್ಪು ತೀರಿತ್ತು, ನಿಲ್ಲುತ್ತೇನೆ, ನೆಕ್ಸ್ಟ್, ಹೊಳೆಗೆ ಬಂದಳು, ಯಾಕವ್ವ ಮಾತಿಗೊಮ್ಮೆ ನಿಂದ್ರಾಕತ್ತಿ, ಬಾಯಿಪಾಠ ಆಗಿಲ್ಲೇನು, ಆಗ್ಯಾದ್ರಿ ಸರ್ — ಎಲ್ಲ ಬರುತ್ತದೆ ನನಗೆ, ಚಂದ್ರನ ತಾಯಿ ಉಪ್ಪಿಗೆ ಬದಲಾಗಿ ಏನು ಕೇಳುತ್ತಾಳೆ, ಹುಡುಗಿ ಏನು ಕೊಟ್ಟು ಬರುತ್ತಾಳೆ, ಕೊನೆಯ ಮಾತಿನವರೆಗೂ. ಒನ್ ಫುಟ್ ಇನ್ ದಿ ಬೋಟ್, ಸರ್. ನೆಕ್ಸ್ಟ್? ಇನ್ನೊಂದು ಕಾಲು ಎತ್ತಿಟ್ಟರೆ ಆಯಿತು, ಎಷ್ಟು ಸಣ್ಣ ಮಾತು, ನಾಲಗೆಯ ಮೇಲೇ ಇದೆ, ಅದನ್ನು ಅಂದುಬಿಟ್ಟರೆ ಹುಡುಗಿ ದಾಟುತ್ತಾಳೆ, ನಾನೂ ಮೂರನೆಯ ವರ್ಷಕ್ಕೆ ದಾಟುತ್ತೇನೆ, ಆದರೆ ಹ್ಞೂಂ ಇಲ್ಲದೆ ದಾಟಿಸಿದರೆ, ಹ್ಞೂಂ ಅನ್ನುವವಳೇ ಇನ್ನಿಲ್ಲವೆಂದು ನಾನೇ ಹೇಳಿದಂತೆ, ಈ ಮಾತು ಬಾಯಲ್ಲಿ ಇರುವ ತನಕ ಆಯಿ ಕೇಳುತ್ತಿರುತ್ತಾಳೆ, ಒಂದು ಕಾಲು ಹರಗೋಲಿನಲ್ಲಿ, ಒಂದು ಕಾಲು ದಂಡೆಯಲ್ಲಿ, ಹೇಳೇ, ಹೇಳಿಬಿಡೇ ಹುಚ್ಚಿ, ಟ್ರಂಕು, ಅಪ್ಪನ ಬೆನ್ನು, ಆಯಿ ಒಮ್ಮೆ ಅನ್ನು, ಮೂಗಿನಿಂದಲಾದರೂ ಅನ್ನು — ನೆಕ್ಸ್ಟ್, ಅಂದರು ಸರ್, ಈ ಸಲ ನನಗಲ್ಲ, ಬಾಗಿಲ ಕಡೆಗೆ, ಸುಮಲತಾ ಬಂದು ನಿಂತಳು, ನಗುತ್ತಿಲ್ಲ, ನೀ ಇನ್ನ ಹೋಗವ್ವ ಅನ್ನುತ್ತಿದ್ದಾರೆ ಯಾರೋ, ಹರಗೋಲು ಮೆಲ್ಲಗೆ ತಿರುಗುತ್ತಿದೆ, ದಂಡೆ ಬಿಡುತ್ತಿದೆ, ನಡುವೆ ನೀರು ಅಗಲವಾಗುತ್ತಿದೆ, ಒಂದು ಕಾಲು ಹರಗೋಲಿನಲ್ಲಿ, ಒಂದು ಕಾಲು ದಂಡೆಯಲ್ಲಿ, ಒಂದು ಕಾಲು