ಹಾಡಿನಲ್ಲಿ ಬಿಟ್ಟ ಜಾಗ

ಬೆಳಗಾದರೆ ಮಹಾಲಯ ಅಮಾವಾಸ್ಯೆ. ಶ್ರೀನಗರದ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡಬೇಕು. ನನ್ನ ಗಂಡ ರಘುವಿಗೆ ಮಾತ್ರ ಮುತ್ತಾತನ ಹೆಸರು ಇನ್ನೂ ಸಿಕ್ಕಿರಲಿಲ್ಲ.

"ಹೆಸರು ಹಿಡಿದು ಕರೀದೆ ಇದ್ರೆ ಹಿರೀಕರು ಎಲೆ ಮುಂದೆ ಕೂರಲ್ಲ ಕಣೋ," ಎಂದರು ಅತ್ತೆ ಅಂಕಮ್ಮ. ಪ್ರತಿ ವರ್ಷ ಅಪ್ಪ, ತಾತ ಇಬ್ಬರನ್ನೇ ಕರೆದು ಮುಗಿಸುತ್ತಿದ್ದೆವು. ಈ ವರ್ಷ ಮನೆಗೆ ನಮ್ಮ ಮಗಳು ಇಂಚರ ಬಂದಿದ್ದಾಳೆ. ಕೂಸನ್ನು ತೋರಿಸುವ ಹೊತ್ತಿನಲ್ಲಿ ಯಾರೊಬ್ಬರೂ ಹಸಿದು ಹೊರಗೆ ನಿಲ್ಲಬಾರದು ಎಂಬುದು ಅತ್ತೆಯ ಹಟ.

ಮುತ್ತಾತ ನೆಲ್ಲೂರಿನ ಕಡೆ ಕಾಲುವೆಯಲ್ಲಿ ಉಪ್ಪಿನ ದೋಣಿ ಕೆಲಸಕ್ಕಿದ್ದರು ಎಂಬುದಷ್ಟೇ ಗೊತ್ತು. ಅಲ್ಲಿನ ದೂರದ ನೆಂಟ ರಮಣಯ್ಯನವರಿಗೆ ರಘು ಫೋನು ಮಾಡಿ ಸ್ಪೀಕರ್ ಹಾಕಿದ್ದ. ಅವರಿಗೂ ಹೆಸರು ಗೊತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆ ತೊಟ್ಟಿಲ ಹಗ್ಗ ಎಳೆಯುತ್ತ ತಮ್ಮ ತೆಲುಗು ಜೋಗುಳ ಹಾಡುತ್ತಿದ್ದರು. ಅದನ್ನು ಕೇಳಿಸಿಕೊಂಡು ರಮಣಯ್ಯ ಜೋರಾಗಿ ನಕ್ಕರು. ಅದು ಜೋಗುಳವೇ ಅಲ್ಲವಂತೆ. ಗಾಳಿಯಿಲ್ಲದ ದಿನ ದಡದ ಮೇಲೆ ನಡೆದು ದೋಣಿ ಎಳೆಯುವಾಗ, ಹಗ್ಗಕ್ಕೆ ಹೆಗಲು ಕೊಟ್ಟವರ ಹೆಸರನ್ನು ಒಂದೊಂದಾಗಿ ಕೂಗುವ ಹಾಡಂತೆ. ಒಂದೊಂದು ದೋಣಿಗೆ ಒಂದೊಂದು ಹೆಸರಿನ ಸಾಲು.

"ಅಯ್ಯೋ, ಇಷ್ಟು ದಿನ ಮಗೂನ ಮಲಗಿಸೋ ಬದ್ಲು ದೋಣಿ ಎಳೀತಿದ್ನಾ!" ಎಂದು ಅತ್ತೆಯೂ ನಕ್ಕರು.

"ಅದಕ್ಕೇ ನಂಗೆ ಚಿಕ್ಕೋನಿದ್ದಾಗ್ಲಿಂದ ಬೆನ್ನುನೋವು," ಎಂದ ರಘು.

ನಾನು ನಗಲಿಲ್ಲ. ಹನುಮಂತನಗರದ ಗುಡ್ಡದ ಗುಡಿಯಲ್ಲಿ ನನ್ನ ತಾತ ಪದ್ಯ ಓದುವುದನ್ನು ಕೇಳುತ್ತ ಬೆಳೆದವಳು. ಸಾಲು ಎಲ್ಲಿ ಕುಂಟುತ್ತದೆಂದು ಕಿವಿಗೆ ತಾನಾಗಿ ತಿಳಿಯುತ್ತದೆ. ಪೋಲಯ್ಯ, ಕೋಟಯ್ಯ ಎಂದ ಮೇಲೆ ಮೂರನೆಯ ಕಡೆ ಅತ್ತೆ ಬರೀ "ಹೂಂ... ಹೂಂ..." ಎಂದು ಗುನುಗಿ, ತೊಟ್ಟಿಲ ಹಗ್ಗವನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಅತ್ತೆ, ಅಲ್ಲಿ ಯಾಕೆ ಹೆಸರಿಲ್ಲ?"

"ನಮ್ಮತ್ತೆ ಕಲಿಸಿದ್ದೇ ಹಂಗೆ ಕಣೇ ಶ್ವೇತ."

"ಅವರಾದ್ರೂ ಯಾಕೆ ಬಿಟ್ರು?"

"ಇದೇನೇ ಕೇಳ್ತೀಯ? ಮಾವನ ಹೆಸರು ಸೊಸೆ ಬಾಯಲ್ಲಿ..."

ಅತ್ತೆಯ ಕೈ ಹಗ್ಗದ ಮೇಲೆಯೇ ನಿಂತಿತು. ಅವರ ಅತ್ತೆಯ ಮಾವನೆಂದರೆ ರಘುವಿನ ಮುತ್ತಾತ. ಮರ್ಯಾದೆಗೆಂದು ನುಂಗಿದ ಹೆಸರು ಅಲ್ಲಿಗೇ ಮುಳುಗಿಹೋಗಿತ್ತು. ಅದಕ್ಕೆ ಬಿಟ್ಟ ಜಾಗ ಮಾತ್ರ ಉಳಿದಿತ್ತು.

ಮರುದಿನ ಮೂರು ಎಲೆ ಹಾಕಿದೆವು. ರಘು ಮಡಿವಾಳ ಮಾರ್ಕೆಟ್ಟಿನಿಂದ ತಂದ ಮೀನಿನ ಸಾರು, ಅನ್ನ, ವಡೆ. ಧೂಪ ಹಾಕಿ ಅವನು ಅಪ್ಪನನ್ನು ಕರೆದ, ತಾತನನ್ನು ಕರೆದ. ಮೂರನೆಯ ಎಲೆಯ ಮುಂದೆ ಬಂದು ಅಮ್ಮನ ಕಡೆ ನೋಡಿದ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತಲೆಗೆ ಸೆರಗು ಹೊದ್ದು ಮೆಲ್ಲಗೆ ಹಾಡಿದರು. ಪೋಲಯ್ಯ, ಕೋಟಯ್ಯ, ಆಮೇಲೆ ಅದೇ ಗುನುಗು. ರಘು ಅದನ್ನು ಹಾಗೆಯೇ ಗುನುಗಿ ಎಲೆಯ ಸುತ್ತ ನೀರು ಬಿಟ್ಟ. "ಬಾ ತಾತ, ಊಟಕ್ಕೆ ಕೂತ್ಕೋ," ಎಂದ.

ಅತ್ತೆ ಬಂದು ಆ ಎಲೆಗೆ ಇನ್ನೊಂದು ತುಂಡು ಮೀನು ಬಡಿಸಿದರು.

"ಹಗ್ಗ ಎಳ್ಕೊಂಡು ಬಂದಿರ್ತಾರೆ," ಎಂದರು. "ಹಸಿವು ಜಾಸ್ತಿ."