ಬೆಳ್ಳಟ್ಟಿ ಕುರಿಗಳ ರಕ್ತ

ಬೆಳ್ಳಟ್ಟಿಯ ಸಕ್ರಪ್ಪನ ಮಗಳು ರೇಷ್ಮಾ ಗದಗಿನ ಪ್ರಯೋಗಾಲಯದಲ್ಲಿ ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ಸಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆ ಮಳೆಗಾಲ ರೋಗ ಅವಳ ಊರಿಗೇ ಬಂತು. ಕಾಕಾ ಸುಭಾಸನ ಹಟ್ಟಿಯಲ್ಲಿ ಮೂರು ದಿನಕ್ಕೆ ನಲವತ್ತು ಕುರಿ ಸತ್ತವು. ಊದಿದ ತುಟಿ, ಬಾಯಲ್ಲಿ ನೊರೆ, ಮೂಗಿನಲ್ಲಿ ರಕ್ತ.

ರೇಷ್ಮಾ ಐಸ್ ಡಬ್ಬಿ ಹಿಡಿದು ಓಡಿ ಬಂದಳು. ಸಾಯುತ್ತಿದ್ದ ಕುರಿಗಳ ರಕ್ತ ತೆಗೆದು ಶೀಸೆಗಳಿಗೆ ತುಂಬುವಾಗ ಸುಭಾಸ ಕೊಡಲಿ ಹಿಡಿದು ಎದುರು ನಿಂತ.

"ಹ್ವಾದ ತಿಂಗಳ ಬಂದು ಸೂಜಿ ಚುಚ್ಚಿ ಹೋದಿ. ಈಗ ಒಂದೊಂದ ಸಾಯಾಕ ಹತ್ಯಾವು. ಶೀಸೇದಾಗ ಏನ ತಂದಿದ್ದಿ, ಖರೆ ಹೇಳು!"

"ನಾ ತಂದಿಲ್ಲ ಕಾಕಾ. ಆವತ್ತ ಬರೇ ರಕ್ತ ತಗದಿದ್ದೆ. ನುಸಿ ಕಡದು ಬರೂ ಬ್ಯಾನಿ ಇದು. ವೈರಸ್ಸಿಗೆ ತನ್ನ ಕಾರಖಾನಿ ಇರೂದಿಲ್ಲ. ಕುರಿ ಮೈಯಾಗಿನ ಜೀವಕೋಶ ಪ್ರೋಟೀನ್ ಮಾಡ್ತಾವಲ್ಲ, ಅವನ್ನ ಕಬ್ಜಾ ಮಾಡ್ತೈತಿ. ಖಬರ ಆದ ಕೂಡ್ಲೆ ಜೀವಕೋಶ ತಾನ ಕೆಲಸ ಬಂದ್ ಮಾಡ್ತೈತಿ. ಹೆಂಗ ಬಂದ್ ಮಾಡ್ತೈತಿ ಅಂತ ಹುಡುಕಾಕ..."

ಕೊಡಲಿಯ ಹಿಂಬದಿ ಅವಳ ಬಲಗೈ ಮೇಲೆ ಬಿತ್ತು. ಎಲುಬು ಮುರಿದದ್ದು ಅವಳಿಗೇ ಕೇಳಿಸಿತು. ಎರಡನೇ ಏಟಿಗೆ ಡಬ್ಬಿ ಒಡೆದು ರಕ್ತ ಮಣ್ಣಿಗೆ ಹರಿಯಿತು. ಮೂರನೇ ಏಟಿಗೆ ಅಡ್ಡ ಬಂದ ಸಕ್ರಪ್ಪನ ಹಣೆ ಸೀಳಿತು. ಅವನು ಸತ್ತ ಕುರಿಗಳ ಮೇಲೆ ಉರುಳಿದ. ರೇಷ್ಮಾಳ ಅವ್ವ ಬೀರವ್ವ ಮೈದುನನ ಕಣ್ಣಿಗೆ ಮಣ್ಣೆರಚಿ, ಕೊಡಲಿ ಕಸಿದು, ಅದರ ಮರದ ಕಾವಿನಿಂದಲೇ ಅವನ ಮೊಳಕಾಲಿಗೆ ಬೀಸಿದಳು. ಸುಭಾಸ ಕುಸಿದು, ಸತ್ತ ಟಗರಿನ ಕೊಂಬು ಹಿಡಿದು ಗೋಳೋ ಎಂದು ಅತ್ತ.

ಒಡೆಯದೆ ಉಳಿದ ಒಂದು ಶೀಸೆಯನ್ನು ರೇಷ್ಮಾ ಎಡಗೈಯಲ್ಲಿ ಎತ್ತಿಕೊಂಡಳು.

ಆಸ್ಪತ್ರೆಯಲ್ಲಿ ಸಕ್ರಪ್ಪನ ಹಣೆಗೆ ಹನ್ನೊಂದು ಹೊಲಿಗೆ ಬಿದ್ದವು. "ನನ್ನ ತಮ್ಮ ಅದಾನವ್ವಾ, ಕೇಸ್ ಬ್ಯಾಡ," ಎಂದ.

"ಏಟು ಎರಡ ಬೆರಳ ಕೆಳಗ ಬಿದ್ದಿದ್ರ ನಿನ್ನ ಕಣ್ಣ ಇರ್ತಿರಲಿಲ್ಲಪ್ಪಾ," ಎಂದು ಅವಳು ದೂರಿಗೆ ಎಡಗೈಯಲ್ಲೇ ಸಹಿ ಹಾಕಿದಳು. ಸುಭಾಸ ಜೈಲಿಗೆ ಹೋದ.

ಕೈಯ ಪಟ್ಟಿ ಬಿಚ್ಚುವ ಮೊದಲೇ ರೇಷ್ಮಾ ಆ ಶೀಸೆಯ ವೈರಸ್ಸನ್ನು ಕುರಿಯ ಜೀವಕೋಶಗಳಿಗೆ ಬಿಟ್ಟಳು. ಪ್ರಯೋಗಾಲಯದಲ್ಲಿದ್ದ ಹಳೆಯ ವೈರಸ್ ಹೊಕ್ಕಾಗ ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತಿದ್ದ ಜೀವಕೋಶಗಳು ಈ ಸಲ ನಿಲ್ಲಿಸಲಿಲ್ಲ. ವೈರಸ್ಸಿಗಾಗಿ ದುಡಿದು ದುಡಿದು ಒಡೆದು ಹೋದವು. ವೈರಸ್ಸಿನ ಒಂದು ಪ್ರೋಟೀನು ಜೀವಕೋಶದ ಒಂದು ಪ್ರೋಟೀನನ್ನು ಅಮುಕಿ ಹಿಡಿದಿತ್ತು. ಮತ್ತೆ ಮತ್ತೆ ಪರೀಕ್ಷಿಸಿದಳು: ರೋಗವಿಲ್ಲದ ಜೀವಕೋಶದಲ್ಲೂ ಪ್ರೋಟೀನ್ ತಯಾರಿಕೆಗೆ ಕಡಿವಾಣ ಹಾಕುವುದು ಜೀವಕೋಶದ ಆ ಪ್ರೋಟೀನೇ. ಕೊಲ್ಲಲು ಬಂದ ವೈರಸ್ಸೇ ಆ ಕಡಿವಾಣವನ್ನು ತೋರಿಸಿಕೊಟ್ಟಿತ್ತು.

ಜಾಮೀನಿನ ಮೇಲೆ ಬಂದ ಸುಭಾಸ ಕುಂಟುತ್ತಾ ಅಣ್ಣನ ಮನೆ ಬಾಗಿಲಿಗೆ ಬಂದು ರೇಷ್ಮಾಳನ್ನು ಕೇಳಿದ. "ನುಸಿ ಬ್ಯಾನಿ ಅಂತ ಈಗ ತಿಳೀತವ್ವಾ. ಉಳದ ಕುರಿಗೆ ಲಸಿಕಿ ಹಾಕ್ತಿಯೇನು?"

"ಹಾಕ್ತೀನಿ. ಆದ್ರ ಕೇಸ್ ಹಿಂದ ತಗೊಳ್ಳೂದಿಲ್ಲ."

ಸುಭಾಸ "ಆತು," ಎಂದು ಕುರಿ ಹಿಡಿಯಲು ಹಟ್ಟಿಯ ಕಡೆ ನಡೆದ.